ಕೆಟ್ಟ ಡೇಟ್: ನಂಬಿದ್ದೊಂದು, ನಿಜ ಇನ್ನೊಂದು

ಎದುರಿಗೆ ಕೂತವರ ಹೆಸರನ್ನೇ ತಪ್ಪಾಗಿ ಕರೆದದ್ದು, ಬಿಳಿ ಅಂಗಿಯ ಮೇಲೆ ಸಾಂಬಾರು ಚೆಲ್ಲಿಕೊಂಡದ್ದು, ಮಾತು ಹೊರಡದೆ ಮೆನು ಕಾರ್ಡನ್ನು ಮತ್ತೆ ಮತ್ತೆ ಓದಿದ್ದು. ಇಂಥದೊಂದು ಮೊದಲ ಭೇಟಿ ಮುಗಿಸಿ ಬಂದವರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ‘ನನ್ನ ಮಾನ ಹೋಯಿತು, ಅವರು ಎಲ್ಲವನ್ನೂ ನೋಡಿಬಿಟ್ಟರು’ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿ ಹಿಡಿದಿರುತ್ತದೆ.

ಅವರು ನೋಡಿರುವುದು ನಾವು ಅಂದುಕೊಂಡಿದ್ದಕ್ಕಿಂತ ಕಡಿಮೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಗಾಯಕ ಬ್ಯಾರಿ ಮ್ಯಾನಿಲೋ ಅವರ ದೊಡ್ಡ ಚಿತ್ರವಿದ್ದ, ಹಾಕಿಕೊಳ್ಳಲು ಸಂಕೋಚವಾಗುವಂಥ ಟೀ ಶರ್ಟ್ ತೊಡಿಸಿ, ಜನ ಕೂತಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಚಿತ್ರ ಗಮನಿಸಿರುತ್ತಾರೆ ಎಂಬುದು ತೊಟ್ಟವರ ಅಂದಾಜು. ಗಮನಿಸಿದ್ದವರು ಸುಮಾರು ಕಾಲುಭಾಗ. 2000ದಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ ಜೊತೆಯಾಗಿ ಇನ್ನೊಂದನ್ನೂ ನೆನೆಯಬೇಕು. ಅಪರಿಚಿತರು ಪರಸ್ಪರ ಮಾತಾಡಿ ಎದ್ದ ಮೇಲೆ, ‘ಅವರಿಗೆ ನಾನು ಎಷ್ಟು ಹಿಡಿಸಿದೆ’ ಎಂದು ಇಬ್ಬರನ್ನೂ ಕೇಳಿದರೆ, ನಿಜವಾಗಿ ಹಿಡಿಸಿದ್ದಕ್ಕಿಂತ ಕಡಿಮೆಯನ್ನೇ ಹೇಳುತ್ತಾರೆ. ಎರಿಕಾ ಬೂತ್‌ಬಿ ಮತ್ತು ಸಹಸಂಶೋಧಕರು 2018ರಲ್ಲಿ ಇದನ್ನು ತೋರಿಸಿದರು. ಅವು ಡೇಟ್‌ಗಳಲ್ಲ, ಸಾಮಾನ್ಯ ಮಾತುಕತೆಗಳು. ಆದರೂ ನಿದ್ದೆಗೆಟ್ಟವರಿಗೆ ಇದರಲ್ಲಿ ಸಮಾಧಾನವಿದೆ.

‘ಪ್ರೊಫೈಲ್ ಸರಿಯಾಗಿ ನೋಡಿದ್ದರೆ ಹೀಗಾಗುತ್ತಿರಲಿಲ್ಲ’ ಎನ್ನುವವರೂ ಇದ್ದಾರೆ. ಸಮಂತಾ ಜೋಯೆಲ್, ಪಾಲ್ ಈಸ್ಟ್‌ವಿಕ್ ಮತ್ತು ಎಲೈ ಫಿಂಕೆಲ್ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಡೇಟಿಗೆ ಬಂದವರ ಗುಣ, ಸ್ವಭಾವ, ಅಪೇಕ್ಷೆಗಳ ಬಗ್ಗೆ ಭೇಟಿಗೆ ಮೊದಲೇ ನೂರಕ್ಕೂ ಹೆಚ್ಚು ಅಂಶಗಳನ್ನು ಸಂಗ್ರಹಿಸಿ ಕಂಪ್ಯೂಟರಿಗೆ ಕೊಟ್ಟರು. ಯಾರು ಒಟ್ಟಾರೆ ಹೆಚ್ಚು ಜನರಿಗೆ ಇಷ್ಟವಾಗುತ್ತಾರೆ ಎಂಬುದನ್ನು ಅದು ತಕ್ಕಮಟ್ಟಿಗೆ ಊಹಿಸಿತು. ಇಂಥವರಿಗೆ ಇಂಥವರೇ ವಿಶೇಷವಾಗಿ ಹಿಡಿಸುತ್ತಾರೆ ಎಂಬುದನ್ನು ಹೇಳಲಾಗಲಿಲ್ಲ. ಬಯೊಡೇಟಾ ಹೊಂದಿ, ಜಾತಕ ಕೂಡಿ, ಎದುರುಬದುರು ಕೂತಾಗ ಮಾತೇ ಇಲ್ಲದೆ ಎದ್ದು ಬಂದ ಜೋಡಿಗಳು ನಮ್ಮಲ್ಲಿ ಕಡಿಮೆಯೇ? ನೀರಸ ಡೇಟನ್ನು ಬುದ್ಧಿಗೇಡಿತನವೆಂದು ಬೈದುಕೊಳ್ಳಬೇಕಿಲ್ಲ.

ಇನ್ನು ಎಲ್ಲರೂ ಕೊಡುವ ಸಲಹೆ: ‘ನಕ್ಕುಬಿಡು, ಸರಿಹೋಗುತ್ತದೆ.’ ಇದು ಅರ್ಧ ಸತ್ಯ. ಯಾವ ನಗು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆಂಡ್ರಿಯಾ ಸ್ಯಾಮ್ಸನ್ ಮತ್ತು ಜೇಮ್ಸ್ ಗ್ರಾಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಮನಸ್ಸು ಕದಡುವ ಚಿತ್ರಗಳನ್ನು ತೋರಿಸಿ ಅವುಗಳ ಬಗ್ಗೆ ತಮಾಷೆ ಮಾಡಲು ಹೇಳಿದರು. ಒಳ್ಳೆಯ ಮನಸ್ಸಿನ ತಮಾಷೆ ಮಾಡಿದವರ ಬೇಸರ, ಹಂಗಿಸುವ ತಮಾಷೆ ಮಾಡಿದವರ ಬೇಸರಕ್ಕಿಂತ ಚೆನ್ನಾಗಿ ಇಳಿಯಿತು.

ನಮ್ಮ ಮನೆಗಳಲ್ಲಿ ಈ ಎರಡೂ ನಗು ತಲೆಮಾರುಗಳಿಂದ ಇವೆ. ಹೆಣ್ಣು ನೋಡಲು ಹೊರಟವರು ವಿಳಾಸ ತಪ್ಪಿ ಪಕ್ಕದ ಮನೆಯಲ್ಲಿ ಉಪ್ಪಿಟ್ಟು ಕೇಸರಿಬಾತು ತಿಂದು, ‘ಹುಡುಗಿಯನ್ನು ಕರೀರಿ’ ಎಂದಂಥ ಕಥೆಯನ್ನು ಮದುವೆಮನೆಯಲ್ಲಿ ಅಜ್ಜಿಯರು ಕಣ್ಣೀರು ಬರುವಷ್ಟು ನಗುತ್ತ ಹೇಳುತ್ತಾರೆ. ಅಲ್ಲಿ ನಗುವಿಗೆ ಗುರಿಯಾದದ್ದು ಸಂದರ್ಭ, ಆದ್ದರಿಂದ ಎರಡೂ ಮನೆಯವರು ನಗಬಲ್ಲರು. ಅದೇ ಮನೆಗಳ ಜಗುಲಿಯಲ್ಲಿ ‘ಹುಡುಗಿ ಕಪ್ಪು, ಕುಳ್ಳಿ’ ಎಂದು ನಕ್ಕದ್ದೂ ಉಂಟು. ಹಾಗೆ ತಿರಸ್ಕೃತಳಾದವಳು ಅದನ್ನು ಮೊಮ್ಮಕ್ಕಳು ಬಂದ ಮೇಲೂ ಮರೆತಿರುವುದಿಲ್ಲ. ಇಂದು ಡೇಟ್ ಮುಗಿಸಿ ಬಂದು, ಎದುರಿಗಿದ್ದವರ ಫೋಟೊ, ಚಾಟನ್ನು ಗೆಳೆಯರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ನಗುವುದು ಈ ಎರಡನೆಯ ಜಾತಿಯದು. ಒಂದೇ ಹೆಸರಿನ ಹೋಟೆಲಿನ ಎರಡು ಶಾಖೆಗಳಲ್ಲಿ, ಒಬ್ಬರು ಜಯನಗರದಲ್ಲಿ ಇನ್ನೊಬ್ಬರು ಮಲ್ಲೇಶ್ವರದಲ್ಲಿ, ಗಂಟೆಗಟ್ಟಲೆ ಕಾದು ಮುನಿಸಿಕೊಂಡರೆ ಅದನ್ನು ಧಾರಾಳವಾಗಿ ಹೇಳಿ ನಗಬಹುದು. ಇನ್ನೊಬ್ಬರ ಹೆಸರು ಹೇಳದೆಯೂ ಕಥೆ ನಗಿಸುತ್ತದೆಯೇ ಎಂದು ನೋಡಿದರೆ ಸಾಕು, ಅದು ಯಾವ ನಗು ಎಂದು ತಿಳಿಯುತ್ತದೆ.

ನಗು ತಕ್ಷಣ ಬರಲೇಬೇಕೆಂದೂ ಇಲ್ಲ. ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮನ್ನು ಘಾಸಿಗೊಳಿಸಿದ ಘಟನೆಯನ್ನು ಬರೆದರು. ನಡೆದದ್ದನ್ನೂ ಅನಿಸಿದ್ದನ್ನೂ ಬರೆದವರಿಗೆ ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ನಿಜಕ್ಕೂ ನೊಂದಿದ್ದರೆ ಗೆಳೆಯರ ಮುಂದೆ ತಮಾಷೆ ಮಾಡುವ ಮೊದಲು ಒಂಟಿಯಾಗಿ ಬರೆದುಕೊಳ್ಳುವುದು ಒಳ್ಳೆಯದೆಂದು ನನ್ನ ನಂಬಿಕೆ. ಪಾಠ ಏನಾದರೂ ಇದ್ದರೆ ಅಲ್ಲೇ ಕಾಣುತ್ತದೆ. ಮಳೆ, ಟ್ರಾಫಿಕ್ಕು, ತಲೆನೋವಿನಿಂದ ಕೆಟ್ಟ ಸಂಜೆಯಲ್ಲಿ ಪಾಠ ಹುಡುಕುವ ಅಗತ್ಯವೇ ಇಲ್ಲ.

ಎಲ್ಲಕ್ಕಿಂತ ಅಪಾಯದ ನಂಬಿಕೆ, ಯಾವುದನ್ನೂ ಗಂಭೀರವಾಗಿ ತೆಗೆದುಕೊಳ್ಳಬಾರದು ಎಂಬುದು. 2024ರ ಜೂನ್‌ನಲ್ಲಿ ದೆಹಲಿಯ ಲಕ್ಷ್ಮಿನಗರ ಪ್ರದೇಶದ ಕೆಫೆಯೊಂದಕ್ಕೆ, ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದವಳನ್ನು ಭೇಟಿಯಾಗಲು ಹೋದ ಯುವಕನಿಗೆ 1.2 ಲಕ್ಷ ರೂಪಾಯಿಗೂ ಹೆಚ್ಚಿನ ಬಿಲ್ ಕೊಟ್ಟು ವಸೂಲಿ ಮಾಡಲಾಗಿತ್ತು. ಅವನು ನಾಚಿಕೆಯಿಂದ ಸುಮ್ಮನಾಗದೆ ದೂರು ಕೊಟ್ಟ. ಯುವತಿಯನ್ನೂ ಕೆಫೆ ಮಾಲೀಕನನ್ನೂ ಪೊಲೀಸರು ಬಂಧಿಸಿದರು. ಬೆದರಿಕೆ, ಒತ್ತಾಯ, ಬೇಡವೆಂದರೂ ಮುಟ್ಟುವುದು, ಹಿಂಬಾಲಿಸುವುದು ಇವು ತಮಾಷೆಯ ಕಥೆಗಳಲ್ಲ, ಅಪರಾಧಗಳು. ಎದ್ದು ಬಂದುಬಿಡಿ, ತುರ್ತಿಗೆ 112. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ; ಬಿಲ್, ಚಾಟ್, ಪಾವತಿಯ ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸಬೇಡಿ.