ಸೈಕಲ್ ನಿಂತಲ್ಲಿ ವ್ಯಾಪಾರ: ಡ್ಯಾನ್ಯೂಬ್ ದಂಡೆಯ ದ್ರಾಕ್ಷಿ ಊರುಗಳಿಂದ ನಮ್ಮ ಅಂಗಡಿಯವರು ಕಲಿಯಬಹುದಾದ್ದೇನು?

ಚಿಕ್ಕಬಳ್ಳಾಪುರ: ಭಾನುವಾರ ಬೆಳಕು ಹರಿಯುವ ಮುಂಚೆಯೇ ಬೆಂಗಳೂರಿನಿಂದ ನಂದಿ ಬೆಟ್ಟದ ಕಡೆ ಬರುವ ಸೈಕಲ್ ಸವಾರರನ್ನು ನಮ್ಮ ಜಿಲ್ಲೆಯವರು ವರ್ಷಗಳಿಂದ ನೋಡುತ್ತಿದ್ದಾರೆ. ಬರ್ತಾರೆ, ಬೆಟ್ಟ ಹತ್ತುತ್ತಾರೆ, ಬಿಸಿಲೇರುವ ಹೊತ್ತಿಗೆ ವಾಪಸ್ ಹೊರಡ್ತಾರೆ. ದಾರಿಯಲ್ಲಿ ಒಂದು ಟೀ, ಒಂದು ಪ್ಲೇಟ್ ಇಡ್ಲಿ, ಮುಗೀತು. ಸುತ್ತಮುತ್ತ ದ್ರಾಕ್ಷಿ ತೋಟಗಳಿದ್ದರೂ ಅವರ ಚೀಲಕ್ಕೆ ಒಂದು ಗೊಂಚಲು ಬೀಳುವುದೂ ಕಮ್ಮಿ.

ಇದೇ ಸೈಕಲ್ಲು, ಇದೇ ದ್ರಾಕ್ಷಿ ಸೇರಿ ಒಂದು ಕಣಿವೆಯ ಅಂಗಡಿ, ಹೋಟೆಲ್, ರೈತರ ಮನೆಗಳಿಗೆ ವ್ಯಾಪಾರ ತಂದುಕೊಟ್ಟಿರುವ ಜಾಗ ಯುರೋಪಿನಲ್ಲಿದೆ. ಅದು ಆಸ್ಟ್ರಿಯಾ ದೇಶದ ವಾಖೌ ಕಣಿವೆ. ಅಲ್ಲಿ ಏನೇನು ವ್ಯವಸ್ಥೆ ಇದೆ, ದುಡ್ಡು ಯಾರ ಕೈಗೆ ಹೇಗೆ ಸೇರುತ್ತೆ, ನಮಗೆ ಹೊಂದುವುದು ಎಷ್ಟು ಅನ್ನೋದನ್ನು ಇಲ್ಲಿ ಬಿಡಿಸಿ ಹೇಳಿದ್ದೇವೆ.

ಎಲ್ಲಿದೆ ಈ ದಾರಿ?

ಡ್ಯಾನ್ಯೂಬ್ ಸುಮಾರು 2,850 ಕಿ.ಮೀ. ಉದ್ದದ ನದಿ. ಜರ್ಮನಿಯಲ್ಲಿ ಹುಟ್ಟಿ, ಹತ್ತು ದೇಶ ದಾಟಿ ಕಪ್ಪು ಸಮುದ್ರ ಸೇರುತ್ತದೆ. ಇದರ ದಂಡೆಯಲ್ಲಿ ಜರ್ಮನಿಯ ಗಡಿ ಪಟ್ಟಣ ಪಾಸಾವ್‌ನಿಂದ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾವರೆಗೆ 300 ಕಿ.ಮೀ.ಗೂ ಹೆಚ್ಚು ಉದ್ದದ ಸೈಕಲ್ ದಾರಿ ಇದೆ. ಅಟ್ಲಾಂಟಿಕ್ ಸಾಗರದಿಂದ ಕಪ್ಪು ಸಮುದ್ರದವರೆಗೆ ಗುರುತಿಸಿರುವ 'ಯೂರೋವೆಲೋ 6' ಎಂಬ ದೂರದ ಸೈಕಲ್ ಮಾರ್ಗದಲ್ಲಿ ಇದೂ ಒಂದು ಭಾಗ. ದಿನಕ್ಕೆ 50–60 ಕಿ.ಮೀ. ತುಳಿದರೆ ಆರು ದಿನದಲ್ಲಿ ವಿಯೆನ್ನಾ ಮುಟ್ಟಬಹುದು.

ಈ ದಾರಿಯ ಕೊನೆಯ ಭಾಗದಲ್ಲಿ, ಮೆಲ್ಕ್ ಮತ್ತು ಕ್ರೆಮ್ಸ್ ಎಂಬ ಪಟ್ಟಣಗಳ ನಡುವಿನ 35 ಕಿ.ಮೀ.ನಷ್ಟು ಉದ್ದದ ಕಣಿವೆಯೇ ವಾಖೌ. 2000ನೇ ಇಸವಿಯಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಒಂದು ತುದಿಯಲ್ಲಿ ಮೆಲ್ಕ್‌ನ ದೊಡ್ಡ ಕ್ರೈಸ್ತ ಮಠ. ನಡುವೆ ಡ್ಯೂರ್ನ್‌ಸ್ಟೈನ್ ಊರಿನ ಪಾಳುಕೋಟೆ. ಇಂಗ್ಲೆಂಡಿನ ದೊರೆ ರಿಚರ್ಡ್‌ನನ್ನು 1192ರಲ್ಲಿ ಸೆರೆಹಿಡಿದು ಇಟ್ಟಿದ್ದು ಇಲ್ಲೇ.

ಸವಾರರು ನದಿ ದಂಡೆಯನ್ನೇ ಯಾಕೆ ಹಿಡೀತಾರೆ?

ಉತ್ತರ ಸುಲಭ: ಏರು ಇಲ್ಲ. ಪಾಸಾವ್‌ನಿಂದ ವಿಯೆನ್ನಾವರೆಗೆ ನದಿ ಇಳಿಯುವುದು ನೂರು ಮೀಟರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಗಾಳಿಯೂ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ಬೆನ್ನಿಗೆ ತಳ್ಳಿದ ಹಾಗಿರುತ್ತದೆ. ಹಾಗಾಗಿ ಇಲ್ಲಿ ಸೈಕಲ್ ತುಳಿಯುವವರೆಲ್ಲ ಕ್ರೀಡಾಪಟುಗಳೇನಲ್ಲ. ನಿವೃತ್ತಿಯಾದ ಗಂಡ-ಹೆಂಡತಿ, ಮಕ್ಕಳೊಂದಿಗರು, ಸಾಮಾನ್ಯ ಸೈಕಲ್ಲಿನವರು ಎಲ್ಲರೂ ಬರುತ್ತಾರೆ.

ಈ ದಾರಿಗೆ ಹಳೆಯ ಕಾಲದ ಪುಣ್ಯವೂ ಇದೆ. ಹಬೆ ಎಂಜಿನ್ ಬರುವ ಮುಂಚೆ ದೋಣಿಗಳನ್ನು ಪ್ರವಾಹಕ್ಕೆ ಎದುರಾಗಿ ಒಯ್ಯಲು ಹಗ್ಗ ಕಟ್ಟಿ ದಂಡೆಯ ಮೇಲಿಂದ ಕುದುರೆಗಳಿಂದ ಎಳೆಸುತ್ತಿದ್ದರು. ಕುದುರೆ ನಡೆದ ಆ ಸಪಾಟು ದಾರಿಗಳೇ ಎಷ್ಟೋ ಕಡೆ ಈಗ ಸೈಕಲ್ ದಾರಿ. ಇರುವುದಕ್ಕೇ ಹೊಸ ಕೆಲಸ ಕೊಟ್ಟರು, ಪ್ರತಿ ತಿರುವಿನಲ್ಲೂ ಬೋರ್ಡ್ ನೆಟ್ಟರು.

ವಾಖೌದಲ್ಲಿ ಎರಡೂ ದಂಡೆಯಲ್ಲಿ ದಾರಿ ಇದೆ. ಮೆಲ್ಕ್ ಮತ್ತು ಕ್ರೆಮ್ಸ್ ನಡುವೆ ಒಂದೂ ಸೇತುವೆ ಇಲ್ಲ. ದಾಟಬೇಕಾದರೆ ದೋಣಿ. ಸ್ಪಿಟ್ಜ್ ಊರಿನ ಹತ್ತಿರದ ದೋಣಿ ನೋಡುವಂಥದ್ದು. ನದಿಗೆ ಅಡ್ಡಲಾಗಿ ಎಳೆದ ಉಕ್ಕಿನ ಹಗ್ಗಕ್ಕೆ ಕಟ್ಟಿರುವ ಈ ದೋಣಿ ಎಂಜಿನ್ ಇಲ್ಲದೆ, ನೀರಿನ ಸೆಳೆತದಿಂದಲೇ ಜನ, ಸೈಕಲ್, ಕಾರು ಎಲ್ಲವನ್ನೂ ಆಚೆ ದಡಕ್ಕೆ ಸೇರಿಸುತ್ತದೆ.

ಸಾವಿರ ಬಕೆಟ್ಟಿನ ಬೆಟ್ಟ

ಕಣಿವೆಯ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ. ಮಣ್ಣು ಜಾರದಂತೆ ತಡೆಯುವುದು ಗಾರೆ, ಸಿಮೆಂಟ್ ಏನೂ ಇಲ್ಲದೆ ಬರೀ ಕಲ್ಲು ಜೋಡಿಸಿ ಕಟ್ಟಿದ ಗೋಡೆಗಳು. ಹಗಲು ಕಾದ ಕಲ್ಲು ರಾತ್ರಿ ಆ ಶಾಖವನ್ನು ಗಿಡಕ್ಕೆ ಕೊಡುತ್ತದೆ. ಪೂರ್ವದ ಬಯಲಿನಿಂದ ಬೆಚ್ಚನೆ ಗಾಳಿ, ಉತ್ತರದ ಕಾಡುಬೆಟ್ಟಗಳಿಂದ ರಾತ್ರಿ ತಂಪು. ಇದರಿಂದಾಗಿಯೇ ಇಲ್ಲಿನ ಗ್ರೂನರ್ ವೆಲ್ಟ್‌ಲೀನರ್, ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿ ತಳಿಗಳ ವೈನ್‌ಗೆ ಹೆಸರು.

ಸ್ಪಿಟ್ಜ್ ಊರಿನ ಒಂದು ಗುಡ್ಡಕ್ಕೆ 'ಸಾವಿರ ಬಕೆಟ್ಟಿನ ಬೆಟ್ಟ' ಅಂತಲೇ ಹೆಸರು. ಒಳ್ಳೆ ವರ್ಷದಲ್ಲಿ ಸಾವಿರ ಬಕೆಟ್ ವೈನ್ ಕೊಡುತ್ತೆ ಅನ್ನೋ ಲೆಕ್ಕ. ಅಲ್ಲಿನ ಹಳೆಯ ಅಳತೆಯ ಒಂದು ಬಕೆಟ್ ಅಂದರೆ ಸುಮಾರು 56 ಲೀಟರ್.

ಆದರೆ ಇಂಥ ಇಳಿಜಾರಿಗೆ ಟ್ರ್ಯಾಕ್ಟರ್ ಹತ್ತಲ್ಲ. ಸವರುವುದು, ಕೊಯ್ಯುವುದು, ಬಿದ್ದ ಗೋಡೆ ಕಟ್ಟುವುದು ಬಹುಪಾಲು ಕೈಕೆಲಸ. ಖರ್ಚು ಜಾಸ್ತಿ. ಸಗಟು ದರಕ್ಕೆ ಮಾರಿದರೆ ಸಣ್ಣ ರೈತನಿಗೆ ಗಿಟ್ಟುವುದಿಲ್ಲ. ಅದಕ್ಕೇ ಅಲ್ಲಿನವರು ಎರಡು ದಾರಿ ಹಿಡಿದಿದ್ದಾರೆ. ಕೆಲವರು ಸಹಕಾರಿ ಸಂಘಕ್ಕೆ ದ್ರಾಕ್ಷಿ ಹಾಕುತ್ತಾರೆ. ಡ್ಯೂರ್ನ್‌ಸ್ಟೈನ್‌ನಲ್ಲಿರುವ 'ಡೊಮೇನೆ ವಾಖೌ' ಸಹಕಾರಿಗೆ ಕಣಿವೆಯ ನೂರಾರು ಕುಟುಂಬಗಳ ಬೆಳೆ ಬರುತ್ತದೆ. ಇನ್ನು ಕೆಲವರು ಮನೆ ಬಾಗಿಲಲ್ಲೇ, ನೇರ ಗಿರಾಕಿಗೇ ಮಾರುತ್ತಾರೆ. ಸೈಕಲ್ ಸವಾರರು ಬೇಕಾಗುವುದು ಇಲ್ಲಿಯೇ.

ರೆಂಬೆ ನೇತುಹಾಕಿದರೆ ಅಂಗಡಿ ತೆರೆದಿದೆ ಅಂತ

1784ರಲ್ಲಿ ಆಸ್ಟ್ರಿಯಾದ ದೊರೆ ಎರಡನೇ ಜೋಸೆಫ್ ಒಂದು ಆಜ್ಞೆ ಹೊರಡಿಸಿದ. ರೈತರು ತಾವು ಮಾಡಿದ ವೈನನ್ನು ತಮ್ಮ ಮನೆಯಲ್ಲೇ ಮಾರಬಹುದು ಅಂತ. ಆ ಪದ್ಧತಿ ಇವತ್ತಿಗೂ ಇದೆ. ಅಂಗಳದಲ್ಲಿ ನಾಲ್ಕು ಮೇಜು, ಬೆಂಚು. ಬಡಿಸುವವರು ಮನೆಯವರೇ. ವೈನು ಸ್ವಂತದ್ದೇ ಆಗಿರಬೇಕು. ಜೊತೆಗೆ ಬ್ರೆಡ್, ಚೀಸ್, ತಣ್ಣನೆ ಮಾಂಸದಂಥ ತಿಂಡಿ ಕೊಡಬಹುದು. ಬಿಸಿ ಅಡುಗೆ ಮಾಡಿ ಹೋಟೆಲ್ ನಡೆಸುವಂತಿಲ್ಲ. ಹಾಗಾಗಿ ಊರಿನ ಹೋಟೆಲಿನವನ ಹೊಟ್ಟೆ ಮೇಲೂ ಹೊಡೆದಂತಾಗಲಿಲ್ಲ.

ಇನ್ನೂ ಒಂದು ಒಳ್ಳೆ ರೂಢಿ ಇದೆ. ಎಲ್ಲರೂ ವರ್ಷಪೂರ್ತಿ ತೆಗೆಯುವುದಿಲ್ಲ. ಈ ಎರಡು ವಾರ ಇವರ ಮನೆ, ಮುಂದಿನ ಎರಡು ವಾರ ಅವರ ಮನೆ. ಸರದಿಯ ಪಟ್ಟಿ ಮುಂಚೆಯೇ ಗೊತ್ತಿರುತ್ತದೆ. ತೆರೆದಿರುವ ಮನೆಯ ಮುಂದೆ ಕೋಲಿಗೆ ಹಸಿರು ರೆಂಬೆಯನ್ನೋ ಹುಲ್ಲಿನ ಬಳೆಯನ್ನೋ ಕಟ್ಟಿರುತ್ತಾರೆ. ಅದೇ ಬೋರ್ಡು. ತೋಟದ ಕೆಲಸಕ್ಕೂ ಸಮಯ ಸಿಗುತ್ತೆ, ಗಿರಾಕಿಯೂ ಹಂಚಿ ಹೋಗ್ತಾನೆ.

ಸೈಕಲ್ಲಿನವನ ದುಡ್ಡು ಎಲ್ಲೆಲ್ಲಿ ಇಳಿಯುತ್ತೆ?

ಕಾರಿನವನು ಮನೆಯಿಂದಲೇ ನೀರು, ತಿಂಡಿ ತರ್ತಾನೆ, ಹತ್ತು ಊರನ್ನು ಅರ್ಧ ಗಂಟೆಯಲ್ಲಿ ದಾಟಿ ಹೋಗ್ತಾನೆ. ಡ್ಯಾನ್ಯೂಬ್‌ನಲ್ಲಿ ದೊಡ್ಡ ಪ್ರವಾಸಿ ಹಡಗುಗಳೂ ಓಡಾಡುತ್ತವೆ. ಸಾವಿರ ಜನಸಂಖ್ಯೆಯೂ ಇಲ್ಲದ ಡ್ಯೂರ್ನ್‌ಸ್ಟೈನ್‌ನಲ್ಲಿ ಒಂದು ಹಡಗು ನಿಂತರೆ ಬೀದಿ ತುಂಬಿಹೋಗುತ್ತೆ. ಆದರೆ ಆ ಪ್ರಯಾಣಿಕರ ಊಟ, ಹಾಸಿಗೆ ಎಲ್ಲ ಹಡಗಿನಲ್ಲೇ.

ಸೈಕಲ್ಲಿನವನ ಕತೆ ಬೇರೆ. ಹೆಚ್ಚು ಸಾಮಾನು ಹೊರಲಾರ. ತುಳಿದರೆ ಹಸಿವಾಗುತ್ತೆ. ದಿನಕ್ಕೆ ನಾಲ್ಕೈದು ಕಡೆ ನಿಲ್ಲಲೇಬೇಕು. ಬೇಕರಿಯಲ್ಲಿ ಬನ್ನು, ಮುಂದಿನ ಊರಲ್ಲಿ ಕಾಫಿ, ಟ್ಯೂಬ್ ಹೋದರೆ ಸೈಕಲ್ ಶಾಪ್, ಸನ್‌ಬರ್ನ್ ಆದರೆ ಮೆಡಿಕಲ್ ಸ್ಟೋರ್, ಕತ್ತಲಾದರೆ ರೂಮು. ಒಂದೊಂದು ಕಡೆ ಖರ್ಚು ಸಣ್ಣದೇ. ಆದರೆ ಒಬ್ಬನ ದುಡ್ಡು ನಾಲ್ಕೈದು ಊರಿನ ಗಲ್ಲಾಪೆಟ್ಟಿಗೆಗೆ ಬೀಳುತ್ತೆ. ಚಾಲ್ತಿಯಲ್ಲಿರುವ ಇನ್ನೊಂದು ಅನುಕೂಲ: ಹೋಟೆಲಿನಿಂದ ಹೋಟೆಲಿಗೆ ಪ್ರಯಾಣಿಕರ ಬ್ಯಾಗನ್ನು ವ್ಯಾನಿನಲ್ಲಿ ಸಾಗಿಸಿಕೊಡುವುದು. ಅದೂ ಒಂದು ದುಡಿಮೆ.

ಜುಲೈನಲ್ಲಿ ಏಪ್ರಿಕಾಟ್ ಹಣ್ಣಿನ ಸುಗ್ಗಿ. ವಾಖೌ ಏಪ್ರಿಕಾಟ್‌ಗೆ ಯುರೋಪಿನ ಒಕ್ಕೂಟದ ಹೆಸರಿನ ರಕ್ಷಣೆ ಇದೆ, ನಮ್ಮ ಜಿಐ ಟ್ಯಾಗ್ ಇದ್ದ ಹಾಗೆ. ಹಣ್ಣು ಒಂದೆರಡು ವಾರ. ಜಾಮ್, ರಸ ವರ್ಷವೆಲ್ಲ.

ಒಂದೇ ರಾತ್ರಿಯ ಗಿರಾಕಿಗೂ ಜಾಗ

ಜರ್ಮನಿಯ ಸೈಕಲ್ ಸವಾರರ ಸಂಘ ಎಡಿಎಫ್‌ಸಿ 1995ರಿಂದ ಲಾಡ್ಜುಗಳಿಗೆ 'ಬೆಟ್ ಪ್ಲಸ್ ಬೈಕ್' ಎಂಬ ಫಲಕ ಕೊಡುತ್ತಿದೆ. ಷರತ್ತುಗಳು ಕೋಟಿ ಖರ್ಚಿನವಲ್ಲ:

- ಒಂದೇ ರಾತ್ರಿಗೆ ಬಂದರೂ ರೂಮ್ ಕೊಡಬೇಕು.
- ಸೈಕಲ್ ಇಟ್ಟು ಬೀಗ ಹಾಕಲು ಜಾಗ ಇರಬೇಕು.
- ಒದ್ದೆ ಬಟ್ಟೆ ಒಣಗಿಸಲು ವ್ಯವಸ್ಥೆ ಇರಬೇಕು.
- ಬೆಳಗ್ಗೆ ಹೊಟ್ಟೆ ತುಂಬುವ ತಿಂಡಿ ಸಿಗಬೇಕು.
- ಸಣ್ಣ ರಿಪೇರಿಗೆ ಸಾಮಾನು ಇರಬೇಕು.

ಫಲಕ ನೋಡಿದ ಸವಾರನಿಗೆ ಧೈರ್ಯ, ಲಾಡ್ಜಿಗೆ ಗಿರಾಕಿ.

ಎಲ್ಲವೂ ಸಲೀಸಾಗಿ ಬಂದಿಲ್ಲ

ಈ ಕಣಿವೆ ಉಳಿದಿದ್ದೇ ಒಂದು ಹೋರಾಟದಿಂದ. 1970ರ ದಶಕದಲ್ಲಿ ವಾಖೌದಲ್ಲಿ ಜಲವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಬಂದಾಗ ಸ್ಥಳೀಯರು ಸಂಘಟಿತರಾಗಿ ವಿರೋಧಿಸಿದರು. ಯೋಜನೆ ಕೈಬಿಡಬೇಕಾಯಿತು. ಆಸ್ಟ್ರಿಯಾದಲ್ಲಿ ಡ್ಯಾನ್ಯೂಬ್ ಇವತ್ತು ಅಣೆಕಟ್ಟಿಲ್ಲದೆ ಹರಿಯುವುದು ಎರಡೇ ಭಾಗದಲ್ಲಿ. ಒಂದು ವಾಖೌ, ಇನ್ನೊಂದು ವಿಯೆನ್ನಾದ ಕೆಳಗಿನ ಭಾಗ.

ಆದರೆ ಅದೇ ನದಿ ಊರೊಳಗೂ ನುಗ್ಗುತ್ತದೆ. 2002 ಮತ್ತು 2013ರ ಪ್ರವಾಹಗಳು ಈ ದಂಡೆಯ ಊರುಗಳನ್ನು ಕಂಗೆಡಿಸಿದವು. ಈಗ ಹಲವು ಊರುಗಳಲ್ಲಿ ನೀರು ಏರುವ ಸೂಚನೆ ಬಂದ ಕೂಡಲೇ ಜೋಡಿಸಿ ಆಮೇಲೆ ಬಿಚ್ಚಿಡುವ ತಡೆಗೋಡೆಗಳಿವೆ. ವ್ಯಾಪಾರವೂ ಹೆಚ್ಚುಕಮ್ಮಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ. ಚಳಿಗಾಲದಲ್ಲಿ ಬೀದಿಗಳು ಖಾಲಿ. ಬರೀ ಪ್ರವಾಸಿಗರನ್ನು ನಂಬಿದ ಅಂಗಡಿಗೆ ಅದು ಕಷ್ಟದ ಕಾಲ.

ಕುಡಿತದ ವಿಷಯವನ್ನೂ ಹೇಳಬೇಕು. ವೈನ್ ಊರು ಅಂದ ಮಾತ್ರಕ್ಕೆ ಬೇಕಾದಷ್ಟು ಕುಡಿದು ತುಳಿಯಲು ಅಲ್ಲಿ ಬಿಡುವುದಿಲ್ಲ. ಸೈಕಲ್ ಸವಾರನಿಗೂ ರಕ್ತದಲ್ಲಿ ಮದ್ಯದ ಮಿತಿ ಇದೆ (ಸಾವಿರಕ್ಕೆ 0.8). ಮೀರಿದರೆ ದಂಡ. ತಿಳಿದವರು ರೂಮ್ ಹಿಡಿದು ಸೈಕಲ್ಲಿಗೆ ಬೀಗ ಹಾಕಿದ ಮೇಲೆಯೇ ಲೋಟ ಮುಟ್ಟುತ್ತಾರೆ.

ನಮಗೆ ಎಷ್ಟು ಹೊಂದುತ್ತೆ?

ನಮ್ಮಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ನಂದಿ ಸುತ್ತಮುತ್ತಲಿನ ಬೆಟ್ಟಗಳಲ್ಲಿ ಪೆನ್ನಾರ್, ಪಾಲಾರ್, ಅರ್ಕಾವತಿ ಹುಟ್ಟುತ್ತವೆ ಅನ್ನೋದು ಹೆಮ್ಮೆ, ಆದರೆ ಹರಿಯುವ ನೀರು ನೋಡಲು ಮಳೆಗಾಲವೇ ಬರಬೇಕು. ರೈತ ಮನೆ ಬಾಗಿಲಲ್ಲಿ ವೈನ್ ಮಾರುವುದೂ ಇಲ್ಲಿ ಸುಲಭವಲ್ಲ. ಅದಕ್ಕೆ ಅಬಕಾರಿ ಪರವಾನಗಿ ಬೇಕು. ಡ್ಯಾನ್ಯೂಬ್ ದಂಡೆಯನ್ನು ಹಾಗೇ ತಂದು ಇಲ್ಲಿ ಇಡಲಾಗದು.

ಆದರೆ 2013ರಲ್ಲಿ ಜಿಐ ಟ್ಯಾಗ್ ಪಡೆದ ಬೆಂಗಳೂರು ಬ್ಲೂ ದ್ರಾಕ್ಷಿ ನಮ್ಮದು. ಹಣ್ಣಾಗಿಯೂ, ಜ್ಯೂಸ್‌ಗೂ, ಜಾಮ್‌ಗೂ ನಡೆಯುವ ತಳಿ. ಆಹಾರ ಸುರಕ್ಷತಾ ಇಲಾಖೆಯ ನೋಂದಣಿ ಮಾಡಿಸಿಕೊಂಡರೆ ಸಣ್ಣ ಅಂಗಡಿಯವರೂ ಇವನ್ನು ಮಾರಬಹುದು. ಗಿರಾಕಿ ವಾರವಾರ ತಾನಾಗಿಯೇ ನಮ್ಮ ರಸ್ತೆಗೆ ಬರುತ್ತಿದ್ದಾನೆ. ಅವನು ನಿಲ್ಲಬೇಕಾದರೆ ಏನು ಬೇಕು? ಸೈಕಲ್ ಒರಗಿಸಲು ಒಂದು ಕಂಬಿ, ಗಾಳಿ ಹೊಡೆಯುವ ಪಂಪು, ಪಂಕ್ಚರ್ ಸಾಮಾನು, ಕುಡಿಯುವ ನೀರು, ಶುಚಿಯಾದ ಶೌಚಾಲಯ, ಅದರಲ್ಲೂ ಹೆಣ್ಣುಮಕ್ಕಳಿಗೆ. 'ಈ ವಾರ ಇಂಥ ತೋಟದಲ್ಲಿ ದ್ರಾಕ್ಷಿ ಸಿಗುತ್ತೆ' ಅಂತ ಒಂದು ಬೋರ್ಡು. ಒಬ್ಬರೇ ಎಲ್ಲವನ್ನೂ ಮಾಡಬೇಕಿಲ್ಲ. ವಾಖೌದ ರೈತರ ಹಾಗೆ ನಾಲ್ಕು ಅಂಗಡಿ, ನಾಲ್ಕು ತೋಟದವರು ಸರದಿ ಹಾಕಿಕೊಂಡರೆ ಸಾಕು.

ಪಂಚಾಯಿತಿ, ಪ್ರವಾಸೋದ್ಯಮ ಇಲಾಖೆ ಮಾಡಬೇಕಾದ ಕೆಲಸವೂ ಇದೆ. ಹೆದ್ದಾರಿ ಬಿಟ್ಟು ಹಳ್ಳಿಗಳ ಒಳಗೆ ಹೋಗುವ ರಸ್ತೆ, ಕೆರೆ ಏರಿಗಳನ್ನು ಗುರುತಿಸಿ ಬೋರ್ಡ್ ಹಾಕುವುದು, ಗುಂಡಿ ಮುಚ್ಚುವುದು, ವೇಗದ ವಾಹನಗಳಿಂದ ಸವಾರರಿಗೆ ರಕ್ಷಣೆ ಕೊಡುವುದು. ಬೆಳಗ್ಗೆ ಒಂಬತ್ತಕ್ಕೆ ವಾಪಸ್ ಹೊರಡುವ ಸವಾರ ಹನ್ನೊಂದರವರೆಗೆ ಇಲ್ಲೇ ಉಳಿದರೆ, ಆ ಎರಡು ಗಂಟೆಯ ವ್ಯಾಪಾರ ನಮ್ಮೂರಿನದು.