ಸಣ್ಣ ಅಂಗಡಿಯ ಜಾಲತಾಣಕ್ಕೊಂದು ಖಾಸಗಿತನ ನೀತಿ

ಯಾವುದಾದರೂ ಜಾಲತಾಣವನ್ನು ತೆರೆದು ಪುಟದ ಕೊನೆಯವರೆಗೆ ಸರಿದು ನೋಡಿ. ಸಣ್ಣ ಅಕ್ಷರಗಳಲ್ಲಿ 'ಪ್ರೈವೆಸಿ ಪಾಲಿಸಿ' ಎಂಬ ಕೊಂಡಿ ಇರುತ್ತದೆ. ಅದನ್ನು ಒತ್ತಿದವರು ಕಡಿಮೆ, ಪೂರ್ತಿ ಓದಿದವರು ಇನ್ನೂ ಕಡಿಮೆ. ಬರೆಸುವವರಲ್ಲೂ ಬಹಳ ಮಂದಿ ಬೇರೊಂದು ತಾಣದ ನೀತಿಯನ್ನು ನಕಲು ಮಾಡಿ, ಹೆಸರು ಬದಲಿಸಿ ಅಂಟಿಸಿಬಿಡುತ್ತಾರೆ. ಪಕ್ಕದವನ ಪ್ರಯೋಗ ಪುಸ್ತಕವನ್ನು ನಕಲು ಮಾಡಿದ ವಿದ್ಯಾರ್ಥಿಯ ವಾಚನಗಳು ಎಷ್ಟೇ ಅಂದವಾಗಿದ್ದರೂ ಅವು ಅವನ ಮೇಜಿನ ಮೇಲಿನ ಉಪಕರಣದವಲ್ಲ. ನಕಲು ಮಾಡಿದ ನೀತಿಯ ದೋಷವೂ ಇದೇ.

ಕನ್ನಡದಲ್ಲಿ ಇದನ್ನು 'ಗೌಪ್ಯತಾ ನೀತಿ' ಎನ್ನುವುದುಂಟು. ಆದರೆ ಗೌಪ್ಯತೆ ಎಂದರೆ ಮುಚ್ಚಿಡುವುದು. ಈ ದಾಖಲೆಯ ಕೆಲಸ ಅದಕ್ಕೆ ವಿರುದ್ಧ: ಗ್ರಾಹಕರಿಂದ ಏನನ್ನು ಪಡೆಯುತ್ತೇವೆ, ಏಕೆ, ಯಾರಿಗೆ ಕೊಡುತ್ತೇವೆ, ಎಷ್ಟು ಕಾಲ ಇಡುತ್ತೇವೆ ಎಂಬುದನ್ನು ಬಯಲಾಗಿ ಹೇಳುವುದು. ಆದ್ದರಿಂದ 'ಖಾಸಗಿತನ ನೀತಿ' ಎಂಬ ಹೆಸರನ್ನೇ ಇಲ್ಲಿ ಬಳಸೋಣ.

ಒಂದು ಉದಾಹರಣೆ

ಕಡೂರು ತಾಲ್ಲೂಕಿನ ಸಿಂಗಟಗೆರೆ ಹೋಬಳಿಯಲ್ಲಿ ಸಬ್‌ಮರ್ಸಿಬಲ್ ಮೋಟಾರು ರಿವೈಂಡಿಂಗ್ ಮಾಡುವ ಒಂದು ಅಂಗಡಿಯನ್ನು ಊಹಿಸಿಕೊಳ್ಳಿ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ತೆಂಗು, ಅಡಿಕೆ ತೋಟಗಳಿಗೆ ಕೊಳವೆ ಬಾವಿಯೇ ಆಸರೆ. ಮೋಟಾರು ಸುಟ್ಟರೆ ರೈತ ಒಂದು ದಿನವೂ ಕಾಯಲಾರ. ಅಂಗಡಿಯವರು ಒಂದು ಸಣ್ಣ ಜಾಲತಾಣ ಮಾಡಿಸಿ, ಅದರಲ್ಲಿ ದೂರು ದಾಖಲಿಸುವ ನಮೂನೆ ಇಟ್ಟಿದ್ದಾರೆ. ಹೆಸರು, ಮೊಬೈಲ್ ಸಂಖ್ಯೆ, ಊರು, ಜಮೀನಿನ ಸರ್ವೆ ನಂಬರು, ಕೊಳವೆ ಬಾವಿಯ ಆಳ, ಮೋಟಾರಿನ ಅಶ್ವಶಕ್ತಿ, ಫೋನು ತೋರಿಸುವ ಸ್ಥಳ, ಹುಟ್ಟಿದ ದಿನಾಂಕ. ಕೊನೆಯದು ಏಕೆಂದರೆ, ಹುಟ್ಟುಹಬ್ಬಕ್ಕೆ ರಿಯಾಯಿತಿ ಕೊಡೋಣವೆಂದು!

"ನಮ್ಮೂರಲ್ಲಿ ಯಾರಿಗೆ ಯಾರು ಗೊತ್ತಿಲ್ಲ? ಇದರಲ್ಲಿ ಗುಟ್ಟೇನು?" ಎಂಬ ಪ್ರಶ್ನೆ ಸಹಜ. ಊರವರಿಗೆ ಗೊತ್ತಿರುವುದು ಬೇರೆ, ಒಂದು ಕಡತದಲ್ಲಿ ಕೂಡಿರುವುದು ಬೇರೆ. ನೆರೆಯವರಿಗೆ ನಿಮ್ಮ ವಿಷಯ ಗೊತ್ತಿದ್ದರೆ, ಅವರ ವಿಷಯ ನಿಮಗೂ ಗೊತ್ತಿರುತ್ತದೆ. ಸಂಕೋಚ, ಮರ್ಯಾದೆ ಎರಡೂ ಕಡೆ ಇರುತ್ತವೆ. ಐನೂರು ಮನೆಗಳ ಪಟ್ಟಿ ಮಾತ್ರ ಒಂದೇ ಕ್ಷಣದಲ್ಲಿ ನಕಲಾಗಿ, ಸಿಂಗಟಗೆರೆಯನ್ನು ಕಂಡೇ ಇರದ ವಂಚಕನ ಕೈಗೆ ಸೇರಬಲ್ಲದು. ಒಂಟಿಯಾಗಿರುವ ಹೆಂಗಸಿನ ಫೋನ್ ಸಂಖ್ಯೆ, ತೋಟದ ಮನೆಯಲ್ಲಿ ಜನ ಇಲ್ಲದ ಹೊತ್ತು, ನೀರು ನಿಂತ ಬಾವಿ - ಎಲ್ಲವೂ ಅದರಲ್ಲಿವೆ.

ಹೆಸರಿಲ್ಲದೆಯೂ ಗುರುತು

"ಹೆಸರನ್ನು ತೆಗೆದುಬಿಟ್ಟರಾಯಿತು" ಎನ್ನುವವರಿದ್ದಾರೆ. ಒಂದು ಲೆಕ್ಕ ಮಾಡಿ ನೋಡೋಣ. ವಯಸ್ಸಿನ ವ್ಯಾಪ್ತಿ 70 ವರ್ಷವೆಂದರೆ ಹುಟ್ಟಿದ ದಿನಾಂಕಗಳು 70 × 365, ಅಂದರೆ 25,550. ಗಂಡು, ಹೆಣ್ಣು ಎಂದು ವಿಂಗಡಿಸಿದರೆ 51,100 ಖಾನೆಗಳು. ಒಂದು ಹೋಬಳಿಯಲ್ಲಿ 20,000 ಜನರಿದ್ದಾರೆಂದೂ ಅವರು ಈ ಖಾನೆಗಳಲ್ಲಿ ಯಾದೃಚ್ಛಿಕವಾಗಿ ಹಂಚಿಹೋಗಿದ್ದಾರೆಂದೂ ಭಾವಿಸಿ. ಖಾನೆಗೆ ಸರಾಸರಿ 0.39 ಜನ. ಪಾಯ್ಸನ್ ವಿತರಣೆಯಂತೆ, ಒಬ್ಬ ವ್ಯಕ್ತಿ ತನ್ನ ಖಾನೆಯಲ್ಲಿ ಒಬ್ಬನೇ ಇರುವ ಸಂಭಾವ್ಯತೆ ಸುಮಾರು 0.68. ಅಂದರೆ ಮೂವರಲ್ಲಿ ಇಬ್ಬರನ್ನು ಹೆಸರಿಲ್ಲದೆಯೇ ಗುರುತಿಸಬಹುದು. ಅಮೆರಿಕದ ಲತಾನ್ಯಾ ಸ್ವೀನಿ 2000ದಲ್ಲಿ ಇದೇ ಬಗೆಯ ವಿಶ್ಲೇಷಣೆ ನಡೆಸಿ, ಹುಟ್ಟಿದ ದಿನಾಂಕ, ಲಿಂಗ ಮತ್ತು ಅಂಚೆ ಸಂಕೇತ ಇಷ್ಟರಿಂದಲೇ ಅಲ್ಲಿನ ಶೇಕಡ 87ರಷ್ಟು ಜನರನ್ನು ಗುರುತಿಸಲು ಸಾಧ್ಯವೆಂದು ತೋರಿಸಿದರು.

ಸರ್ವೆ ನಂಬರು ಇದಕ್ಕಿಂತಲೂ ಹರಿತ. ನಮ್ಮ ರಾಜ್ಯದ 'ಭೂಮಿ' ಯೋಜನೆಯಿಂದ ಪಹಣಿಗಳು ಗಣಕೀಕೃತವಾಗಿವೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಮತ್ತು ಸರ್ವೆ ನಂಬರು ಕೊಟ್ಟರೆ ಖಾತೆದಾರರ ಹೆಸರು, ವಿಸ್ತೀರ್ಣ, ಜಮೀನಿನ ಮೇಲಿನ ಋಣದ ವಿವರ ಸಿಗುತ್ತವೆ. ಮೋಟಾರಿನ ದೂರಿಗೆ ಸರ್ವೆ ನಂಬರು ಸೇರಿದರೆ, ಬ್ಯಾಂಕಿನ ಸಾಲ ಮತ್ತು ಬತ್ತಿದ ಬಾವಿ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ. ಬಿಡಿಬಿಡಿಯಾಗಿ ನಿರುಪದ್ರವಿಯಾದ ಮಾಹಿತಿಗಳು ಜೋಡಿಯಾದಾಗ ಅಪಾಯಕಾರಿಯಾಗುವುದು ಹೀಗೆ.

ಬೇಕಾದಷ್ಟೇ ಅಂಕಿಗಳು

ಸ್ಥಳವನ್ನು ಎಷ್ಟು ನಿಖರವಾಗಿ ಕೇಳಬೇಕು? ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್. ದಶಮಾಂಶದ ನಂತರ ಎರಡು ಅಂಕಿಗಳಿದ್ದರೆ ಸುಮಾರು 1.1 ಕಿಲೋಮೀಟರ್, ಮೂರಿದ್ದರೆ 110 ಮೀಟರ್, ಐದಿದ್ದರೆ ಒಂದು ಮೀಟರಿನಷ್ಟು ಸೂಕ್ಷ್ಮತೆ. ಮೆಕ್ಯಾನಿಕ್ ತೋಟಕ್ಕೆ ತಲುಪಲು ಮೂರು ಅಂಕಿ ಸಾಕು. ಅಲ್ಲಿಂದ ಫೋನು ಮಾಡಿ ದಾರಿ ಕೇಳಬಹುದು. ಐದು ಅಂಕಿ ಇಟ್ಟುಕೊಂಡರೆ ಯಾರ ಮನೆಯ ಬಾಗಿಲು ಎಂಬುದೂ ದಾಖಲಾಗುತ್ತದೆ. ಅಳತೆಗೆ ಬೇಕಿಲ್ಲದ ಸಾರ್ಥಕ ಅಂಕಿಗಳನ್ನು ಬರೆಯಬೇಡಿ ಎಂದು ನಾವು ಪ್ರಯೋಗಾಲಯದಲ್ಲಿ ಹೇಳುವ ನಿಯಮ ಇಲ್ಲಿಯೂ ಸಲ್ಲುತ್ತದೆ.

ಕಾಣದೆ ಹರಿಯುವ ಮಾಹಿತಿ

ನಮೂನೆಯಲ್ಲಿ ಕೇಳಿದ್ದು ಕಣ್ಣಿಗೆ ಕಾಣುತ್ತದೆ. ಕಾಣದ್ದು ಇನ್ನಷ್ಟಿದೆ. ನಿಮ್ಮ ಗಣಕ ಒಂದು ಪುಟವನ್ನು ಕೇಳಿದೊಡನೆ ಅದರ ಐಪಿ ವಿಳಾಸ, ವೇಳೆ, ಕೇಳಿದ ಪುಟ, ಬ್ರೌಸರಿನ ಹೆಸರು ಸಾಮಾನ್ಯವಾಗಿ ಸರ್ವರಿನ ದಿನಚರಿ ಕಡತದಲ್ಲಿ ದಾಖಲಾಗುತ್ತವೆ. ಪುಟದಲ್ಲಿ ಬೇರೆ ಸಂಸ್ಥೆಯ ನಕಾಶೆ, ವಿಡಿಯೋ ಅಥವಾ ಅಕ್ಷರಶೈಲಿಯನ್ನು ನೇರವಾಗಿ ಸೇರಿಸಿದ್ದರೆ, ಆ ಸಂಸ್ಥೆಯ ಸರ್ವರಿಗೂ ನಿಮ್ಮ ಐಪಿ ವಿಳಾಸ ತಲುಪುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲ್ಲಿ ರೂಪಿಸಿದ 'ಕುಕಿ' ಎಂಬ ಸಣ್ಣ ಗುರುತುಚೀಟಿಯಿಂದ, ಮತ್ತೆ ಬಂದವರು ಅದೇ ಬ್ರೌಸರಿನವರೆಂದು ತಾಣಕ್ಕೆ ತಿಳಿಯುತ್ತದೆ.

ಇದು ಸಣ್ಣ ವಿಷಯವಲ್ಲ. ಜರ್ಮನಿಯ ಮ್ಯೂನಿಕ್ ನ್ಯಾಯಾಲಯ 2022ರ ಜನವರಿಯಲ್ಲಿ ಒಂದು ತೀರ್ಪು ಕೊಟ್ಟಿತು. ತಾಣವೊಂದು ಗೂಗಲ್ ಅಕ್ಷರಶೈಲಿಯನ್ನು ನೇರವಾಗಿ ಬಳಸಿ, ಭೇಟಿ ಕೊಟ್ಟವರ ಐಪಿ ವಿಳಾಸವನ್ನು ಒಪ್ಪಿಗೆಯಿಲ್ಲದೆ ಗೂಗಲ್‌ಗೆ ರವಾನಿಸಿದ್ದಕ್ಕೆ 100 ಯೂರೋ ಪರಿಹಾರ ಕೊಡಬೇಕಾಯಿತು. ಅಕ್ಷರಶೈಲಿಯ ಕಡತವನ್ನು ತನ್ನದೇ ಸರ್ವರಿನಲ್ಲಿ ಇಟ್ಟುಕೊಂಡಿದ್ದರೆ ಈ ಪ್ರಮೇಯವೇ ಬರುತ್ತಿರಲಿಲ್ಲ.

ನಮ್ಮ ಅಂಗಡಿಯಲ್ಲಿ ಇನ್ನೂ ಎರಡು ಹರಿವುಗಳುಂಟು. ದೂರು ವಾಟ್ಸಾಪ್ ಮೂಲಕ ಮೆಕ್ಯಾನಿಕ್‌ನ ಸ್ವಂತ ಫೋನಿಗೆ ಹೋಗುತ್ತದೆ. ಪುಸ್ತಕದಲ್ಲಿ ಬರೆದ ವಿವರವನ್ನು ಸಂಜೆ ಎಕ್ಸೆಲ್‌ಗೆ ಏರಿಸಲಾಗುತ್ತದೆ. ಕೆಲಸದವರು ಅಂಗಡಿ ಬಿಟ್ಟುಹೋದರೂ ಫೋನಿನೊಳಗಿನ ಪಟ್ಟಿ ಅವರೊಂದಿಗೇ ಹೋಗುತ್ತದೆ. ಆದ್ದರಿಂದ ನೀತಿ ಬರೆಯುವ ಮೊದಲು ಒಂದು ಹಾಳೆಯ ಮೇಲೆ, ವಿದ್ಯುನ್ಮಂಡಲದ ಚಿತ್ರ ಬರೆದಂತೆ, ಮಾಹಿತಿ ಎಲ್ಲಿಂದ ಬಂದು ಎಲ್ಲೆಲ್ಲಿ ಹರಿದು ಎಲ್ಲಿ ನಿಲ್ಲುತ್ತದೆ ಎಂದು ಗುರುತಿಸಿಕೊಳ್ಳಬೇಕು.

ಕಾನೂನು ಏನನ್ನುತ್ತದೆ?

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು, ಖಾಸಗಿತನ ಸಂವಿಧಾನದತ್ತ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು.

ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ 2011ರ ನಿಯಮಗಳು ಖಾಸಗಿತನ ನೀತಿಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಆಗಲೇ ಹೇಳಿದ್ದವು. ಆ ಕಾಯ್ದೆಯ 43ಎ ಸೆಕ್ಷನ್ನಿನ ವಿವರಣೆಯಲ್ಲಿ ಒಬ್ಬರೇ ಮಾಲೀಕರಾಗಿರುವ ಅಂಗಡಿಯೂ ಸೇರಿದೆ. ಬಳಿಕ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು; ವ್ಯವಹಾರಸ್ಥರ ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಿನಲ್ಲಿ, ಜಾರಿಗೆ ಬರುವಂತೆ ಗೊತ್ತುಮಾಡಲಾಗಿದೆ. ಕೆಲವು ವರ್ಗಗಳಿಗೆ ಸರ್ಕಾರ ಅಧಿಸೂಚನೆಯಿಂದ ವಿನಾಯಿತಿ ಕೊಡಬಹುದು. ಸಣ್ಣದೆಂಬ ಕಾರಣಕ್ಕೆ ತಾನಾಗಿಯೇ ವಿನಾಯಿತಿ ಸಿಗುವುದಿಲ್ಲ. ಭದ್ರತೆಯಲ್ಲಿ ತಪ್ಪಿದರೆ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ನಿಜವಾದ ದಂಡ ತಪ್ಪಿನ ಗಾತ್ರ, ಅವಧಿ ಮುಂತಾದವನ್ನು ಅವಲಂಬಿಸುತ್ತದೆ.

ನಮ್ಮ ವಿಷಯಕ್ಕೆ ಮುಖ್ಯವಾದ ನಾಲ್ಕು ಅಂಶಗಳಿವು.

1. ಒಪ್ಪಿಗೆ ಕೇಳುವಾಗ, ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂದು ಬಿಡಿಬಿಡಿಯಾಗಿ, ಸರಳ ಭಾಷೆಯಲ್ಲಿ ತಿಳಿಸಬೇಕು.

2. ಈ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಗ್ರಾಹಕರಿಗಿರಬೇಕು. ಕನ್ನಡವೂ ಅದರಲ್ಲಿದೆ. ಓದಲಾಗದ ಭಾಷೆಯಲ್ಲಿ ಪಡೆದ ಒಪ್ಪಿಗೆ ಅರಿತು ಕೊಟ್ಟ ಒಪ್ಪಿಗೆಯಲ್ಲ.

3. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಸಾಧ್ಯವಿರಬೇಕು.

4. 18 ವರ್ಷ ತುಂಬದವರ ಮಾಹಿತಿಗೆ ತಂದೆತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು. ಟ್ಯೂಷನ್ ನಡೆಸುವ ಶಿಕ್ಷಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಮಕ್ಕಳ ಫೋಟೋ, ಅಂಕಗಳನ್ನು ಜಾಹೀರಾತಿನಂತೆ ತಾಣಕ್ಕೆ ಏರಿಸುವ ಮೊದಲು ಮನೆಯವರನ್ನು ಕೇಳಬೇಕು.

ಇನ್ನೊಂದು ಸೂಕ್ಷ್ಮವಿದೆ. ವೈಯಕ್ತಿಕ ಮಾಹಿತಿಯನ್ನೂ ಅದಕ್ಕೆ ಸಂಬಂಧಿಸಿದ ದಿನಚರಿ ಕಡತಗಳನ್ನೂ ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕೆಂದು 2025ರ ನಿಯಮಗಳು ಹೇಳುತ್ತವೆ. ಆದ್ದರಿಂದ "ಕೆಲಸ ಮುಗಿದ ಕೂಡಲೇ ಅಳಿಸುತ್ತೇವೆ" ಎಂಬ ಭರವಸೆ ಕೇಳಲು ಚೆನ್ನಾಗಿದ್ದರೂ ನಡೆಸಿಕೊಡಲಾಗದು. ಒಮ್ಮೆ ಪಡೆದದ್ದನ್ನು ಕಾಯುವ ಹೊರೆ ವರ್ಷವಿಡೀ ನಿಮ್ಮ ಮೇಲಿರುತ್ತದೆ. ಬೇಡದ್ದನ್ನು ಪಡೆಯದಿರುವುದೇ ಮೊದಲ ರಕ್ಷಣೆ.

ನೀತಿ ಬರೆಯುವ ಬಗೆ

ಈಗ ನಮೂನೆಯನ್ನು ಮತ್ತೆ ನೋಡಿ. ಹುಟ್ಟಿದ ದಿನಾಂಕ ಬೇಡ, ತೆಗೆಯಿರಿ. ಸರ್ವೆ ನಂಬರಿನಿಂದ ಮೋಟಾರು ರಿಪೇರಿಯಾಗುವುದಿಲ್ಲ, ತೆಗೆಯಿರಿ. ಸ್ಥಳದ ಬದಲು ಊರು ಮತ್ತು ಹತ್ತಿರದ ಗುರುತು ಕೇಳಿ. ಬಾವಿಯ ಆಳ ಮತ್ತು ಅಶ್ವಶಕ್ತಿ ಕೆಲಸಕ್ಕೆ ಬೇಕು, ಇರಲಿ. ಉಳಿದ ಮೇಲೆ ನೀತಿ ತಾನಾಗಿ ಚಿಕ್ಕದಾಗುತ್ತದೆ. ಅದು ಹೀಗಿರಬಹುದು:

"ದೂರು ದಾಖಲಿಸುವಾಗ ನಾವು ನಿಮ್ಮ ಹೆಸರು, ಮೊಬೈಲ್ ಸಂಖ್ಯೆ, ಊರು ಮತ್ತು ಹತ್ತಿರದ ಗುರುತು, ಬಾವಿಯ ಆಳ, ಮೋಟಾರಿನ ಅಶ್ವಶಕ್ತಿ ಇಷ್ಟನ್ನು ಮಾತ್ರ ಕೇಳುತ್ತೇವೆ. ಇವನ್ನು ರಿಪೇರಿಗೆ, ಬಿಲ್ಲಿಗೆ ಮತ್ತು ಗ್ಯಾರಂಟಿ ಅವಧಿಯಲ್ಲಿ ನಿಮ್ಮನ್ನು ಸಂಪರ್ಕಿಸಲು ಬಳಸುತ್ತೇವೆ. ಕೆಲಸಕ್ಕೆ ಬರುವ ಮೆಕ್ಯಾನಿಕ್‌ಗೆ ವಾಟ್ಸಾಪ್ ಮೂಲಕ ತಿಳಿಸುತ್ತೇವೆ. ಪಂಪು ಮಾರುವ ಕಂಪನಿಗಳಿಗಾಗಲಿ, ಸಾಲ ಕೊಡುವವರಿಗಾಗಲಿ ಕೊಡುವುದಿಲ್ಲ. ನಮ್ಮ ಸರ್ವರು ನಿಮ್ಮ ಐಪಿ ವಿಳಾಸವನ್ನು ದಾಖಲಿಸುತ್ತದೆ. ಈ ಮಾಹಿತಿಯನ್ನು ಒಂದು ವರ್ಷ ಇಟ್ಟು ಅನಂತರ ಅಳಿಸುತ್ತೇವೆ. ಬಿಲ್ಲುಗಳನ್ನು ತೆರಿಗೆ ಕಾನೂನು ಹೇಳಿದಷ್ಟು ಕಾಲ ಇಡುತ್ತೇವೆ. ನಿಮ್ಮ ಮಾಹಿತಿಯನ್ನು ನೋಡಲು, ತಿದ್ದಲು, ಒಪ್ಪಿಗೆ ಹಿಂಪಡೆಯಲು ಅಂಗಡಿಯ ಮಾಲೀಕರಿಗೆ ಕರೆ ಮಾಡಿ. ಸಮಾಧಾನವಾಗದಿದ್ದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ದೂರು ಕೊಡಬಹುದು."

ಇದರ ಕೆಳಗೆ ಮಾಲೀಕರ ಹೆಸರು, ಫೋನ್ ಸಂಖ್ಯೆ, ನೀತಿ ಜಾರಿಗೆ ಬಂದ ದಿನಾಂಕ ಇರಲಿ. ಪ್ರತಿ ವಾಕ್ಯಕ್ಕೂ ಅಂಗಡಿಯಲ್ಲಿ ಒಂದು ರೂಢಿ ಇರಬೇಕೆಂಬುದನ್ನು ಮರೆಯಬೇಡಿ. "ಅಳಿಸುತ್ತೇವೆ" ಎಂದು ಬರೆದರೆ ಮೆಕ್ಯಾನಿಕ್‌ನ ಫೋನಿನಿಂದಲೂ ಅಳಿಸಬೇಕು. ಹಾಗೆ ಅಳಿಸುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೂ ಸಾಕು. ವ್ಯವಹಾರದಲ್ಲಿ ಹೊಸದೇನಾದರೂ ಸೇರಿದಾಗ, ಉದಾಹರಣೆಗೆ ತಾಣಕ್ಕೆ ಒಂದು ನಕಾಶೆ ಅಂಟಿಸಿದಾಗ, ನೀತಿಯನ್ನೂ ತಿದ್ದಬೇಕು. ದೊಡ್ಡ ವ್ಯವಹಾರವಾದರೆ ಕೊನೆಯಲ್ಲಿ ವಕೀಲರಿಗೆ ತೋರಿಸುವುದು ಒಳ್ಳೆಯದು. ಆದರೆ ಮಾಹಿತಿಯ ಹರಿವಿನ ಚಿತ್ರವನ್ನು ವಕೀಲರು ಬರೆದುಕೊಡಲಾರರು. ಅದು ಅಂಗಡಿಯವರಿಗೇ ಗೊತ್ತಿರುವ ಸಂಗತಿ.

ತರಗತಿಯಲ್ಲಿ ಮಾಡಿ ನೋಡಿ

ವಿದ್ಯಾರ್ಥಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿಗೆ ಊರಿನ ಒಂದು ಸೇವೆಯನ್ನು ಕೊಡಿ: ಜೆರಾಕ್ಸ್ ಅಂಗಡಿ, ಟ್ಯೂಷನ್, ಕೇಬಲ್ ಟಿವಿ, ಟ್ರ್ಯಾಕ್ಟರ್ ಬಾಡಿಗೆ. ಗ್ರಾಹಕರಿಂದ ಅವರು ಪಡೆಯುವ ಮಾಹಿತಿಯನ್ನು ಪಟ್ಟಿ ಮಾಡಿ, ಪ್ರತಿಯೊಂದರ ಎದುರು "ಇದಿಲ್ಲದೆ ಕೆಲಸ ನಿಲ್ಲುತ್ತದೆಯೇ?" ಎಂದು ಬರೆಯಲಿ. ನಿಲ್ಲದಿದ್ದರೆ ಅಡ್ಡಗೆರೆ ಎಳೆಯಲಿ. ಜೆರಾಕ್ಸ್ ಅಂಗಡಿಯ ಗುಂಪಿಗೆ ಒಂದು ಹೆಚ್ಚಿನ ಪ್ರಶ್ನೆ ಕೇಳಿ: ಮುದ್ರಿಸಲು ಕಳುಹಿಸಿದ ಅಂಕಪಟ್ಟಿ, ಆಧಾರ್ ಚೀಟಿಗಳು ಮುದ್ರಣವಾದ ಮೇಲೆ ಆ ಗಣಕದಲ್ಲಿ ಎಲ್ಲಿರುತ್ತವೆ? ಉತ್ತರವನ್ನು ಅಂಗಡಿಗೇ ಹೋಗಿ, ವಿನಯದಿಂದ ಕೇಳಿ ತಿಳಿದುಕೊಂಡು ಬರಲಿ. ಆ ಉತ್ತರವೇ ಅಂಗಡಿಯ ಖಾಸಗಿತನ ನೀತಿಯ ಮೊದಲ ವಾಕ್ಯವಾಗುತ್ತದೆ.