ಬೋರ್ಡ್ ಮೇಲೆ ಶೇ. 60 ಕನ್ನಡ ಸರಿ, ಅಕ್ಷರದ ನೆರಳು ಎಲ್ಲಿ ಹೋಯ್ತು?

ಖಾನಾಪುರದಲ್ಲಿ ನಮ್ಮ ಕಾಕಾ ಅಂಗಡಿ ಬೋರ್ಡ್ ಬರೆಯುತ್ತಿದ್ದರು. ಕನ್ನಡ, ಮರಾಠಿ, ಇಂಗ್ಲಿಷ್ ಮೂರಕ್ಕೂ ಅದೇ ಕೈ, ಅದೇ ಬ್ರಷ್. ಕೆಂಪು ಅಕ್ಷರ, ಹಳದಿ ಅಂಚು, ಬಲಕ್ಕೆ ಕಪ್ಪು ನೆರಳು. "ನೆರಳ ಇಲ್ಲಂದ್ರ ಅಕ್ಷರ ಎದ್ದ ಕಾಣಂಗಿಲ್ಲೋ ತಮ್ಮಾ" ಅನ್ನುತ್ತಿದ್ದರು. ಫ್ಲೆಕ್ಸ್ ಬಂತು, ಕಾಕಾ ಬ್ರಷ್ ತೊಳೆದಿಟ್ಟರು. ಈಗ ಅದೇ ನೆರಳಿನ ಅಕ್ಷರ 'ರೆಟ್ರೋ' ಹೆಸರಲ್ಲಿ ಕೆಫೆ ಗೋಡೆ, ಟೀ-ಶರ್ಟ್, ಇನ್‌ಸ್ಟಾ ಪೋಸ್ಟರ್‌ಗಳ ಮೇಲೆ ವಾಪಸ್ ಬಂದಿದೆ.

ಇವನ್ನು ಡಿಸ್‌ಪ್ಲೇ ಫಾಂಟ್ ಅಂತಾರೆ. ಇವುಗಳ ಕೆಲಸ ದಾರಿಹೋಕರನ್ನು ನಿಲ್ಲಿಸೋದು. ನಾಲ್ಕು ಪದದ ಬೋರ್ಡಿಗೆ, ಘೋಷಣೆಗೆ, ಸಿನಿಮಾ ಹೆಸರಿಗೆ ಚೆಂದ. ಕರಪತ್ರದ ಸಣ್ಣ ಸಾಲುಗಳಿಗೆ ಹಾಕಿದರೆ ಅಕ್ಷರದ ಹೊಟ್ಟೆಯೊಳಗಿನ ಬಿಳಿ ಜಾಗ ಮುಚ್ಚಿಹೋಗಿ ಓದೋಕೇ ಆಗಲ್ಲ.

ಕನ್ನಡಕ್ಕೆ ಇನ್ನೊಂದು ಪೇಚಿದೆ: ಒತ್ತಕ್ಷರ. 'ಸಂಗೊಳ್ಳಿ ರಾಯಣ್ಣ' ಎಂದು ಬರೆದರೆ ಎರಡೂ ಪದಗಳಲ್ಲಿ ಒತ್ತು ಕೆಳಗೆ ಇಳಿಯುತ್ತೆ. ಇಂಗ್ಲಿಷಿನ ಅಳತೆಗೆ ಕತ್ತರಿಸಿದ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಆಗ ಇಡೀ ಕನ್ನಡ ಸಾಲನ್ನೇ ಕುಗ್ಗಿಸುತ್ತಾರೆ. ಕಾಕಾ ಅದೇ ಒತ್ತಿನ ಬಾಲವನ್ನು ಎಳೆದು ಬಳ್ಳಿ ಮಾಡುತ್ತಿದ್ದರು.

ಅಲಂಕಾರ ಹೊಸ ಶೋಕಿಯೇನಲ್ಲ. ಕದಂಬರ ತಾಳಗುಂದ ಸ್ತಂಭಶಾಸನದ ಅಕ್ಷರಗಳ ತಲೆಯ ಮೇಲೆ ಪುಟ್ಟ ಪೆಟ್ಟಿಗೆಗಳಿವೆ. ಅದೇ ಕದಂಬರು ಆಳಿದ ಹಲಸಿ ಇರೋದು ನಮ್ಮ ಖಾನಾಪುರ ತಾಲ್ಲೂಕಿನಲ್ಲೇ.

2024ರ ತಿದ್ದುಪಡಿ ಕಾನೂನು ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಕಡ್ಡಾಯ ಮಾಡಿತು. ಅದು ಬೇಕಿತ್ತು. ಆದರೆ ಕಾನೂನು ಅಳೆಯೋದು ಜಾಗವನ್ನು, ಅಂದವನ್ನಲ್ಲ. ಬೆಳಗಾವಿಯಲ್ಲಿ ಸುತ್ತಾಡಿ ನೋಡಿ: ಎಷ್ಟೋ ಬೋರ್ಡ್‌ಗಳಲ್ಲಿ ಇಂಗ್ಲಿಷಿಗೆ ಸಿಂಗಾರ, ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಮೊದಲು ಸಿಕ್ಕ ಫಾಂಟು. ದಂಡ ತಪ್ಪಿಸೋಕೆ ಬರೆದ ಕನ್ನಡ ಹಾಗೇ ಕಾಣುತ್ತೆ.

ದುಡ್ಡಿಲ್ಲ ಅನ್ನೋ ನೆಪವೂ ಇಲ್ಲ. ಏಕ್ ಟೈಪ್‌ನವರ 'ಬಾಲೂ ತಮ್ಮ' ದಪ್ಪಗೆ, ದುಂಡಗೆ ಇರುವ ಫಾಂಟು. ಅದೇ ಕುಟುಂಬದಲ್ಲಿ ದೇವನಾಗರಿಯೂ ಇದೆ. 'ಅಕಾಯ ಕನಡಕ'ದ್ದು ಬೇರೆಯೇ ಕುಣಿತ. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ.

ಗಡಿಯಲ್ಲಿ ಬೋರ್ಡ್ ಬರೀ ಬೋರ್ಡ್ ಅಲ್ಲ ಅಂತ ನಮಗೆ ಗೊತ್ತು. 2014ರಲ್ಲಿ ಯಳ್ಳೂರಿನ 'ಮಹಾರಾಷ್ಟ್ರ ರಾಜ್ಯ' ಫಲಕ ತೆಗೆದಾಗ ಊರಿಗೆ ಪೊಲೀಸರು ಬಂದರು, ಲಾಠಿ ಬೀಸಿತು. ಅದಕ್ಕೇ ಹೇಳ್ತೀನಿ: ಪಕ್ಕದ ಮನೆಯ ಲಿಪಿಗೆ ಮಸಿ ಬಳಿದರೆ ನಮ್ಮದು ಎದ್ದು ಕಾಣಲ್ಲ. ಮುಂದಿನ ಬೋರ್ಡು, ಬ್ಯಾನರು ಮಾಡಿಸುವಾಗ ಫ್ಲೆಕ್ಸ್ ಅಂಗಡಿಯಲ್ಲಿ ಹತ್ತು ನಿಮಿಷ ಹೆಚ್ಚು ಕೂತು, ಕನ್ನಡದ ಅಕ್ಷರ ನೀವೇ ಆರಿಸಿ. ಒತ್ತಿಗೆ ಜಾಗ ಬಿಡಿಸಿ. ಊರಲ್ಲಿ ಬ್ರಷ್ ಹಿಡಿಯೋರು ಇನ್ನೂ ಇದ್ದರೆ, ಕೆಲಸ ಅವರಿಗೇ ಕೊಡಿ.